ಅತ್ತಿಮರದ ಬುಡದಲ್ಲಿ ಕಡಲ್ಗಳ್ಳರು

ನನಗೆ ಸಿಟ್ಟು ಬಂದಾಗ ನಾನು ಪಾತ್ರೆ ತೊಳೆಯುತ್ತೇನೆ. ತೊಳೆದಿಟ್ಟದ್ದನ್ನೇ ಇನ್ನೊಮ್ಮೆ ತೊಳೆಯುತ್ತೇನೆ. ಈ ವಾರ ನನ್ನ ಅಡುಗೆಮನೆ ಫಳಫಳ ಹೊಳೆಯುವುದನ್ನು ಕಂಡು ಪಕ್ಕದ ಮನೆಯಾಕೆ, "ಏನ್ ಟೀಚರೇ, ಯಾರಾದ್ರೂ ಹೆಣ್ಣು ನೋಡೋಕೆ ಬತ್ತಾವ್ರಾ?" ಎಂದು ಕೇಳಿದಳು. ಐವತ್ತೆರಡು ವರ್ಷದ ನನ್ನನ್ನು ನೋಡಲು ಯಾರೂ ಬರುತ್ತಿಲ್ಲ. ಬಂದಿರುವುದು ಸಿಟ್ಟು. ಬಂದು ಐದು ದಿನವಾಯಿತು, ಹೊರಡುವ ಸೂಚನೆಯೇ ಇಲ್ಲ.

ಯಾರ ಮೇಲೆ ಎಂದು ನೀವು ಕೇಳಬೇಕು. ದೊಡ್ಡವರ ಮೇಲೆ. ಹೆಸರು ಹಿಡಿದೇ ಹೇಳಬೇಕೆಂದರೆ ನನ್ನ ತಮ್ಮ ಲೋಕೇಶನ ಮೇಲೆ, ಅವನ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಶಿವಪ್ಪನ ಮೇಲೆ. ಹೆಸರು ಹಿಡಿಯದೆ ಹೇಳುವುದಾದರೆ, ಮಂಡಿ ನೋವು ಬಂದ ಮೇಲೂ ಬುದ್ಧಿ ಬಾರದ ಸಮಸ್ತ ಪ್ರಾಪ್ತವಯಸ್ಕರ ಮೇಲೆ.

ಲೋಕೇಶನ ಮನೆ ಆನೇಮಹಲ್ ಬಿಟ್ಟು ಒಳಗೆ, ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇರುವ ಜಾಗದಲ್ಲಿದೆ. ಅವನ ಮಗಳು ಇಂಪನಾಗೆ ಕಳೆದ ಭಾನುವಾರ ಒಂಬತ್ತು ತುಂಬಿತು. ಊರಿನ ಶಾಲೆಯಲ್ಲಿ ಓದುತ್ತಿದ್ದವಳನ್ನು ಈ ವರ್ಷ ಸಕಲೇಶಪುರದ ಶಾಲೆಗೆ ಹಾಕಿದ್ದಾರೆ. ಆರು ತಿಂಗಳಾದರೂ ಅವಳಿಗೆ ಅಲ್ಲಿ ಒಬ್ಬ ಗೆಳತಿಯೂ ಆಗಿರಲಿಲ್ಲ. ವ್ಯಾನಿನಲ್ಲಿ ಒಬ್ಬಳೇ ಕೂರುತ್ತಾಳೆ, ಊಟದ ಡಬ್ಬಿಯನ್ನು ಒಬ್ಬಳೇ ಬಿಚ್ಚುತ್ತಾಳೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಕಣ್ಣೀರು ಹಾಕಿದ್ದಳು. ಮಗು ತಾನೇ ಒಂದು ಉಪಾಯ ಹುಡುಕಿಕೊಂಡಿತ್ತು. "ನಮ್ಮನೇಲಿ ಕಡಲ್ಗಳ್ಳರ ನಿಧಿ ಐತೆ, ನನ್ನ ಹುಟ್ಟಿದ ದಿನ ಬಂದ್ರೆ ಹುಡುಕ್ಬಹುದು" ಎಂದು ತರಗತಿಯಲ್ಲಿ ಹೇಳಿಬಿಟ್ಟಿದ್ದಳು. ಐದು ಜನ ಬರಲು ಒಪ್ಪಿದ್ದರು. ಆಮೇಲೆ ಆಲೂರಿಗೆ, ನನಗೆ, ಫೋನು. "ಅತ್ತೆ, ನಿಧಿ ಮಾಡ್ಕೊಡು. ಇಲ್ದಿದ್ರೆ ಸೋಮವಾರ ನಾನು ಸ್ಕೂಲಿಗೆ ಹೋಗಲ್ಲ."

ನಾನು ಆಲೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುವವಳು. ಕಡಲ್ಗಳ್ಳರ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ನಮ್ಮ ಕಡೆಗೆ ಕಡಲು ಬರುವುದು ಮೀನಿನ ಲಾರಿಯ ರೂಪದಲ್ಲಿ. ಅದು ಘಟ್ಟ ಹತ್ತಿ, ಮಾರನಹಳ್ಳಿ ದಾಟಿ, ರಸ್ತೆಯುದ್ದಕ್ಕೂ ಉಪ್ಪುನೀರು ಸೋರಿಸುತ್ತ ಹೋಗುತ್ತದೆ. ಆದರೂ ಒಂದೆರಡು ದಿನ ಕೂತು ಯೋಚಿಸಿದ ಮೇಲೆ ಕಡಲ್ಗಳ್ಳನ ಮೇಲೆ ನನಗೆ ಗೌರವ ಹುಟ್ಟಿತು. ಅವನು ಕಳ್ಳನೇ ಇರಬಹುದು, ದಾಖಲೆ ಇಡುವ ಮನುಷ್ಯ. ಹೂತ ಜಾಗಕ್ಕೆ ನಕ್ಷೆ ಬರೆಯುತ್ತಾನೆ, ಎಷ್ಟು ಹೆಜ್ಜೆ ಎಂದು ನಮೂದಿಸುತ್ತಾನೆ, ಕೊನೆಗೆ ಗೀಟು ಹಾಕಿ ಗುರುತು ಮಾಡುತ್ತಾನೆ. ಯಾರಿಗಾದರೂ ಸಿಗಲಿ ಎಂಬ ಆಸೆ ಅವನಿಗಿದೆ. ನಮ್ಮ ಸೀಮೆಯ ನಿಧಿಗೆ ಇಂಥ ಸೌಜನ್ಯವಿಲ್ಲ. ಅದಕ್ಕೆ ನಕ್ಷೆ ಇಲ್ಲ, ಕಾವಲಿಗೆ ಹಾವಿದೆ. ಅದು ಇದ್ದಲ್ಲಿ ಇರುವುದೂ ಇಲ್ಲ. ಹೊನ್ನು ತುಂಬಿದ ಕೊಪ್ಪರಿಗೆ ಮಳೆಗಾಲದಲ್ಲಿ ಹಳ್ಳದೊಳಗೆ ಗಡಗಡ ಉರುಳಿಕೊಂಡು ಹೋಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬೇಕಾದವರ ಕನಸಿನಲ್ಲಿ ಬಂದು ಕರೆಯುತ್ತದೆ, ಕರೆದು ಬಲಿ ಕೇಳುತ್ತದೆ. ಈ ಕಥೆ ನಂಬಿ ಜನ ಎಷ್ಟು ಹಾಳು ಗುಡಿಗಳ ನೆಲ ಬಗೆದಿದ್ದಾರೆ, ಎಷ್ಟು ವೀರಗಲ್ಲುಗಳನ್ನು ಉರುಳಿಸಿದ್ದಾರೆ! ಯುದ್ಧದಲ್ಲಿ ಸತ್ತವನು ಒಮ್ಮೆ ಸತ್ತ. ಅವನ ಕಲ್ಲನ್ನು ಹಾರೆ ಹಾಕಿ ಮೀಟಿದವನು ಅವನನ್ನು ಇನ್ನೊಮ್ಮೆ ಕೊಂದ. ಪ್ರತಿ ವರ್ಷ ತರಗತಿಯಲ್ಲಿ ಈ ಮಾತು ಹೇಳಿ ಮೇಜು ಗುದ್ದುತ್ತೇನೆ. ಮೇಜಿನ ಒಂದು ಮೂಲೆ ಸಡಿಲವಾಗಿದೆ.

ಶನಿವಾರ ಸಂಜೆ ಬಸ್ಸಿಳಿದು ಹೋದವಳು ಕೆಲಸಕ್ಕೆ ತೊಡಗಿದೆ. ಮೊದಲ ಸುಳಿವು ಕಾಫಿ ಫಿಲ್ಟರಿನೊಳಗೆ, ಎರಡನೆಯದು ಅಕ್ಕಿ ಡಬ್ಬದಲ್ಲಿ, ಮೂರನೆಯದು ಲೋಕೇಶನ ಗಂಬೂಟಿನೊಳಗೆ. ಗಂಬೂಟಿನಲ್ಲಿ ನಕ್ಷೆ. ನಕ್ಷೆಯ ತುದಿಯಲ್ಲಿ, ಬೇಲಿಯ ಮೂಲೆಯ ಅತ್ತಿಮರ. ಪೆಟ್ಟಿಗೆಗೆ ನಾನು ಪ್ಲಾಸ್ಟಿಕ್ಕು ಬಳಸಲಿಲ್ಲ. ನಿಧಿ ಎಂದ ಮೇಲೆ ಕೈಯಲ್ಲಿ ಹಿಡಿದರೆ ಭಾರ ಬೇಡವೇ? ಇಪ್ಪತ್ತು ವರ್ಷದಿಂದ ನನ್ನ ಬಳಿಯಿದ್ದ ಅಮ್ಮನ ಹಿತ್ತಾಳೆ ಎಲೆಯಡಿಕೆ ಪೆಟ್ಟಿಗೆ ತಂದಿದ್ದೆ. ಅದರೊಳಗೆ ಗೋಲಿ, ಬಳೆ, ಮಣಿಸರ, ಮತ್ತು ಚಿನ್ನದ ಬಣ್ಣದ ಕಾಗದ ಸುತ್ತಿದ ನಾಣ್ಯದಾಕಾರದ ಚಾಕೊಲೇಟು. ಚಾಕೊಲೇಟು ಎಂದ ಮೇಲೆ ಕಟ್ಟಿರುವೆ ಬಿಡುತ್ತದೆಯೇ? ಸಕ್ಕರೆ ಡಬ್ಬದ ಸುತ್ತ, ತೊಟ್ಟಿಲ ಕಾಲಿನ ಸುತ್ತ ನಮ್ಮ ಮನೆಗಳಲ್ಲಿ ಮಾಡುವುದನ್ನೇ ಮಾಡಿದೆ. ಪೆಟ್ಟಿಗೆ ಹೂತು ಮುಚ್ಚಿದ ಗುಂಡಿಯ ಸುತ್ತ ಧಾರಾಳವಾಗಿ ಅರಿಸಿನದ ಪುಡಿಯಿಂದ ಬಳೆಯಂತೆ ದುಂಡಗೆ ಗೆರೆ ಎಳೆದೆ. ಕಡಲ್ಗಳ್ಳರ ಪದ್ಧತಿಯಂತೆ ನಡುವೆ ಅಡ್ಡಗೀಟು ಬೇಕಲ್ಲ, ಕಾಫಿ ಗಿಡಕ್ಕೆ ಹೊಡೆಯಲು ಸ್ಟೋರಿನಲ್ಲಿಟ್ಟಿದ್ದ ಸುಣ್ಣ ತಂದು ಗೀಟೆಳೆದೆ. ಮಕ್ಕಳಿಗೆ ಮರ ಗುರುತಾಗಲಿ ಎಂದು ಕಾಂಡಕ್ಕೆ ಕೆಂಪು ದಾರ ಕಟ್ಟಿದೆ. ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ನೀವು ನಗುತ್ತಿದ್ದೀರಿ, ನನಗೆ ಗೊತ್ತು. ಹೊಸದಾಗಿ ಅಗೆದ ಮಣ್ಣು, ಅರಿಸಿನದ ಬಳೆ, ಸುಣ್ಣದ ಗೀಟು, ಅತ್ತಿಮರಕ್ಕೆ ಕೆಂಪು ದಾರ. ಇಷ್ಟನ್ನು ಒಟ್ಟಿಗೆ ಕಂಡರೆ ಹಾಸನ ಜಿಲ್ಲೆಯ ಎಳೆಗರುವೂ ಹಗ್ಗ ಹರಿದು ಓಡುತ್ತದೆ. ಮೂಢನಂಬಿಕೆಯ ಪಾಠದಲ್ಲಿ ಮೇಜು ಮುರಿದವಳಿಗೆ ಅದು ಹೊಳೆಯಲಿಲ್ಲ. ಇರುವೆಯ ಚಿಂತೆಯಲ್ಲಿ ಮನುಷ್ಯರನ್ನು ಮರೆತಿದ್ದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಿಧಿಯ ಜಾಗವನ್ನು ಲೋಕೇಶನಿಗೆ ಹೇಳಿರಲಿಲ್ಲ. ಅವನ ಬಾಯಲ್ಲಿ ಎಳ್ಳು ಕಾಳೂ ನೆನೆಯದು, ಮಗಳು ಒಮ್ಮೆ ಮುಖ ನೋಡಿದರೆ ಎಲ್ಲ ಹೇಳಿಬಿಡುತ್ತಾನೆ. ಅದಕ್ಕೇ "ಆಟವೆಲ್ಲ ಮನೆಯೊಳಗೆ" ಎಂದು ಸುಳ್ಳು ಹೇಳಿದ್ದೆ.

ಭಾನುವಾರ ಬೆಳಿಗ್ಗೆ ಇಂಪನಾಳನ್ನು ಕರೆದುಕೊಂಡು ಬಾಡಿಗೆ ಜೀಪಿನಲ್ಲಿ ಸಕಲೇಶಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಐದೂ ಮಕ್ಕಳು ಕಾಯುತ್ತಿದ್ದವು. ಕೇಕು ಹತ್ತಿಸಿಕೊಂಡು, ಎಲ್ಲರ ತಲೆಗೂ ಕರಿ ಕಾಗದದ ಟೊಪ್ಪಿ, ಒಂದೊಂದು ಕಣ್ಣಿಗೆ ಕರಿ ಪಟ್ಟಿ ಕಟ್ಟಿ ಹೊರಟೆವು. ದಾರಿಯುದ್ದಕ್ಕೂ ಇಂಪನಾ ಮಾತಾಡಿದಳು. ಆ ಮಗು ಅಷ್ಟು ಮಾತಾಡಿದ್ದನ್ನು ನಾನು ಆರು ತಿಂಗಳಿಂದ ಕೇಳಿರಲಿಲ್ಲ.

ಜೀಪು ಅಂಗಳಕ್ಕೆ ಬಂದಾಗ ಅತ್ತಿಮರದ ಸುತ್ತ ಇಪ್ಪತ್ತು ಜನ. ಕೊಯ್ಲಿನ ಕಾಲ, ಭಾನುವಾರವೂ ಹಣ್ಣು ಕೀಳುವ ಕೆಲಸ. ಕೆಲಸಕ್ಕೆ ಮೊದಲು ಬಂದ ಗಿರಿಜಮ್ಮ ಅರಿಸಿನ ಕಂಡು ಕೂಗಿಕೊಂಡಿದ್ದಾಳೆ. "ಅಯ್ಯೋ ಗೌಡ್ರೇ, ಯಾರೋ ಬಂದು ಪೂಜೆ ಮಾಡ್ಬುಟ್ಟು ಹೋಗವ್ರೆ!" ಕೂಗು ಬೇಲಿ ದಾಟಿ ರೈಟರ್ ಶಿವಪ್ಪನನ್ನು ಎಳೆದು ತಂದಿದೆ. ಶಿವಪ್ಪ ಬಂದದ್ದೇ, "ಇದು ನಿಧಿ ಕೆಲ್ಸ ಕಣೋ ಲೋಕೇಶ. ಅವ್ರು ವಾಪಸ್ ಬರೋದ್ರೊಳಗೆ ನಾವೇ ತೆಗೆದ್ಬುಡಾನ" ಎಂದಿದ್ದಾನೆ. ನನ್ನ ತಮ್ಮ, ಡಿಗ್ರಿ ಓದಿದವನು, ಪಂಚೆ ಮೇಲೆ ಕಟ್ಟಿ ಗುದ್ದಲಿ ಹಿಡಿದಿದ್ದಾನೆ!

ನಾನು ಓಡುವಷ್ಟರಲ್ಲಿ ಪೆಟ್ಟಿಗೆ ಮೇಲೆ ಬಂದಿತ್ತು. ಜನ "ಹೋ" ಎಂದರು. ಮುಚ್ಚಳ ತೆಗೆದು, ಒಂದು ನಾಣ್ಯ ಎತ್ತಿ, ರೈಟರ್ ಶಿವಪ್ಪ ಅಕ್ಕಸಾಲಿಗರಿಗಿಂತ ಗಂಭೀರವಾಗಿ ಕಚ್ಚಿ ನೋಡಿದ. ಹಲ್ಲೆಲ್ಲ ಕಂದು. ನಾಲಿಗೆ ಆಡಿಸಿ, "ಸಿಹಿ ಐತಲ್ಲ ಮಾರಾಯ" ಎಂದ. ಆಮೇಲಾದರೂ ನಿಲ್ಲಬೇಡವೇ? ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು. ಪ್ರಸಾದದಂತೆ ಎಲ್ಲರೂ ಒಂದೊಂದು ತೆಗೆದುಕೊಂಡರು. ನಾಲ್ಕು ಹೆಜ್ಜೆ ಹಿಂದೆ, ಒಂದು ಕಣ್ಣಿನ ಆರು ಕಡಲ್ಗಳ್ಳರು ಸಾಲಾಗಿ ನಿಂತು ನೋಡುತ್ತಿದ್ದರು.

ನನಗೆ ಸಿಟ್ಟು ನೆತ್ತಿಯವರೆಗೆ ಏರಿತು. ಏನೇನು ಬೈದೆನೋ ಎಲ್ಲವನ್ನೂ ಇಲ್ಲಿ ಬರೆಯಲಾಗದು. "ಅಮ್ಮನ ಪೆಟ್ಟಿಗೆ ಗುರುತು ಸಿಗ್ಲಿಲ್ವೇನೋ ನಿಂಗೆ? ಮಗಳ ನಿಧಿ ತಿನ್ನೋಕೆ ನಾಚಿಕೆ ಆಗಲ್ವಾ?" ಎಂದು ಲೋಕೇಶನ ಕೈಯ ಗುದ್ದಲಿಗೆ ಕೈ ಹಾಕಿದೆ. ಅವನು ಬೆವರು ಒರೆಸಿಕೊಂಡು, "ಆಟ ಮನೆ ಒಳಗೆ ಅಂದಿದ್ದೆ ನೀನು" ಎಂದು ನನ್ನನ್ನೇ ಕಟಕಟೆಗೆ ಹತ್ತಿಸಿದ.

ಆಗ ಶಿವಪ್ಪ ತುಟಿ ಒರೆಸಿಕೊಂಡು ಕೇಳಿದ. "ಅದೆಲ್ಲ ಸರಿ ಟೀಚರಮ್ಮ, ಇಷ್ಟು ದೊಡ್ಡ ತೋಟದಲ್ಲಿ ನೀವು ಇಲ್ಲೇ ಯಾಕೆ ಅಗೆದ್ರಿ?"

"ನೆರಳಿತ್ತು, ಅದಕ್ಕೆ."

"ನೆರಳು ಎಲ್ಲಾ ಕಡೆನೂ ಐತೆ. ಅದೇ ನಿಮ್ಮನ್ನ ಕರೆದೈತೆ ಕಣ್ರೀ. ನಿಧಿ ಹಂಗೇ ಕರೆಯೋದು, ಕರೆಸ್ಕೊಂಡೋರಿಗೆ ಗೊತ್ತಾಗಲ್ಲ."

ಇಷ್ಟು ಹೇಳಿ ಶಿವಪ್ಪ ಲೋಕೇಶನ ಕೈಯಿಂದ ಗುದ್ದಲಿ ಇಸಿದುಕೊಂಡು ಇನ್ನೆರಡು ಏಟು ಹಾಕಿದ. ಎರಡನೆಯ ಏಟಿಗೆ ನೆಲದೊಳಗಿನಿಂದ 'ಠಣ್' ಎಂದಿತು.

ಗಿರಿಜಮ್ಮ ತಾಳಿ ಹಿಡಿದುಕೊಂಡಳು. ಲೋಕೇಶ ಮಂಡಿಯೂರಿ ಕೈಯಿಂದಲೇ ಮಣ್ಣು ಬಳಿದ. ಕಬ್ಬಿಣಗಪ್ಪಿನ ಒಂದು ಅಂಚು ಕಂಡಿತು. ಅಂಚು ದುಂಡಗಿತ್ತು, ಬೆರಳು ದಪ್ಪವಿತ್ತು, ಕೊಪ್ಪರಿಗೆಯ ಬಾಯಿಯಂತೆ ಬಾಗುತ್ತ ಮಣ್ಣಿನೊಳಗೆ ಇಳಿದಿತ್ತು. ಒಂದು ಕಡೆ ಹಸಿರು ಕಿಲುಬು ಹಿಡಿದಂತಿತ್ತು, ತಾಮ್ರಕ್ಕೆ ಹಿಡಿಯುವಂಥದ್ದು. ಇನ್ನಷ್ಟು ಬಳಿದರು. ಅಂಚಿನಿಂದ ನಡುವಿಗೆ ನಾಲ್ಕು ಕಡ್ಡಿಗಳು ಕಂಡವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಚಕ್ರ. ನಮ್ಮಪ್ಪನ ಕಾಲದಲ್ಲಿ ಮುರಿದು, ಎಲ್ಲೋ ಎಸೆದದ್ದು. ಹಸಿರು ಕಿಲುಬು ಎಂದರೆ ಪಾಚಿ. ಬೆಟ್ಟ ಅಗೆದು ಇಲಿ ಹಿಡಿದವರಿಗಾದರೂ ಒಂದು ಇಲಿ ಸಿಕ್ಕಿತ್ತು.

ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಶಿವಪ್ಪ ಹೋಗುವಾಗ, "ಹಾವಿನ ಕಾಟ ಇದ್ರೆ ಹೊನ್ನು ಹಿಂಗೇ ಕಬ್ಬಿಣ ಆಗ್ಬುಡ್ತದೆ" ಎಂದು ವಿವರಣೆ ಕೊಟ್ಟ. ನಾನು ತಿರುಗಿ ನೋಡಿದರೆ ಮಕ್ಕಳಿಲ್ಲ! ಹುಡುಕಿಕೊಂಡು ಹೋದರೆ ಆರೂ ಜನ ಜಗುಲಿಯ ಮೇಲೆ ಕೂತಿದ್ದರು. ಟೊಪ್ಪಿ ತೆಗೆದಿಟ್ಟಿದ್ದರು. ಇಂಪನಾ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೇಕು ಕತ್ತರಿಸಿದೆವು, ಪಲಾವು ಬಡಿಸಿದೆವು, ಮಕ್ಕಳು ಎಲ್ಲಕ್ಕೂ "ಥ್ಯಾಂಕ್ಯೂ ಆಂಟಿ" ಎಂದರು. ಮಕ್ಕಳು ಇಷ್ಟು ಮರ್ಯಾದೆಯಿಂದ ನಡೆದುಕೊಂಡರೆ ದಿನ ಹಾಳಾಗಿದೆ ಎಂದೇ ಅರ್ಥ. ಸಂಜೆಯ ಬಸ್ಸಿನಲ್ಲಿ ಆಲೂರಿಗೆ ಮರಳುವಾಗ ಅಮ್ಮನ ಪೆಟ್ಟಿಗೆ ಮಡಿಲಲ್ಲಿತ್ತು. ಅದರೊಳಗೆ ಯಾರಿಗೂ ಬೇಡವಾದ ಗೋಲಿಗಳು ದಾರಿಯುದ್ದಕ್ಕೂ ಸದ್ದು ಮಾಡಿದವು. ನಾನು ಮನಸ್ಸಿನಲ್ಲೇ ದೊಡ್ಡವರ ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ಶಪಿಸಿದೆ.

ಸೋಮವಾರ ಸಂಜೆ ಫೋನು ಬಂತು. ಹೆದರುತ್ತಲೇ ಎತ್ತಿದೆ.

"ಸ್ಕೂಲಿಗೆ ಹೋಗಿದ್ದೇನೇ?"

"ಹೋಗಿದ್ದೆ. ಊಟಕ್ಕೆ ಐದೂ ಜನ ನನ್ನ ಹತ್ರಾನೇ ಕೂತಿದ್ರು ಅತ್ತೆ. ರೈಟರ್ ಮಾಮ ಚಾಕ್ಲೇಟು ಕಚ್ಚಿದ್ದು ಮಾಡಿ ತೋರ್ಸಿ ತೋರ್ಸಿ ನಕ್ಕಿದ್ದು. ಮುಂದಿನ ಭಾನುವಾರ ಮತ್ತೆ ಬರ್ತಾರಂತೆ. ನಾವೇ ಹೂತಿಟ್ಟು ನಾವೇ ಹುಡುಕೋದು. ಆದ್ರೆ ದೊಡ್ಡೋರು ಯಾರೂ ಇರಬಾರ್ದಂತೆ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಸರಿಯಾಗಿ ಹೇಳಿದ್ರು ಕಣೇ! ನಿಮ್ಮಪ್ಪ ಬೇಡ, ಆ ಶಿವಪ್ಪನಂತೂ ಬೇಲಿ ಹತ್ರಾನೂ ಸುಳೀಬಾರ್ದು. ನಾನು ಶನಿವಾರವೇ ಬಂದು ಬಾಗಿಲಲ್ಲಿ ಕಾವಲು ನಿಲ್ತೀನಿ."

"ನೀನೂ ಬೇಡ ಅತ್ತೆ. ಠಣ್ ಅಂದಾಗ ನಾನು ನಿನ್ನ ಸೆರಗು ಎಳೆದೆ, ಎರಡು ಸಲ. ನೀನು ನನ್ನ ಕೈ ಕೊಡವಿ ಮುಂದಕ್ಕೆ ಹೋಗ್ಬುಟ್ಟೆ."