ಮಜ್ಜಿಗೆಯವಳ ಕಲ್ಲು

ತಳಕಲ್ಲಿನ ದೇವೇಂದ್ರಪ್ಪನವರು ಹೈದರಾಬಾದಿನ ಕಾಲೇಜೊಂದರಲ್ಲಿ ಕನ್ನಡ ಸಾಹಿತ್ಯದ ಪ್ರೊಫೆಸರು. ಹಳಗನ್ನಡ ಕಲಿಸುವ ಮನುಷ್ಯ ಫಾರಸಿ ಗಜಲು ಓದುತ್ತಿದ್ದರು, ಬೀಸುವ ಪದ ಕೂಡಿಸುತ್ತಿದ್ದರು, ನಾಟಿ ಔಷಧ ಕೇಳಿಕೊಂಡು ಕುಷ್ಟಗಿ ಕಡೆ ಅಲೆಯುತ್ತಿದ್ದರು. ಹತ್ತಕ್ಕೆ ಕೈ ಹಾಕಿ ಒಂದನ್ನೂ ಮುಗಿಸದವರು ಎಂದು ಜೊತೆಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆ ಮಾತು ಚುಚ್ಚುತ್ತಿತ್ತು, ಯಾಕೆಂದರೆ ಅದು ನಿಜ.

ಮುಗಿಸಲೇಬೇಕೆಂದು ಹಟ ಹಿಡಿದದ್ದು ಶಾಸನಗಳ ಪುಸ್ತಕವೊಂದನ್ನು. ೧೯೩೮ರ ಬೇಸಿಗೆ ರಜೆಯಲ್ಲಿ ಗಂಗಾವತಿ ಸೀಮೆಯ ಹಳ್ಳಿಯೊಂದರ ಕೆರೆ ಏರಿಯಲ್ಲಿ ಅರ್ಧ ಹೂತ ಶಾಸನದ ಕಲ್ಲು ಕಂಡಿತು. ಮೇಲೆ ಕಾಣುವ ಸಾಲುಗಳನ್ನು ಓದಿದರೆ, ಮಜ್ಜಿಗೆ ಮಾರುವ ಹೆಂಗಸೊಬ್ಬಳು ತನ್ನ ಗಂಟಿನಿಂದ ಆ ಕೆರೆ ಕಟ್ಟಿಸಿದ್ದಳು! ಅವಳ ಹೆಸರು ಮಾತ್ರ ಮಣ್ಣಿನೊಳಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು, ರಜೆ ಮುಗಿಯಿತು.

"ಇದು ಕಲ್ಲಲ್ರಿ, ಬಂಗಾರ. ಜೋಪಾನ ಮಾಡ್ರಿ," ಎಂದು ಊರಗೌಡ ಹುಲಗಪ್ಪನಿಗೆ ಹೇಳಿ ಹೋದರು.

ಮುಂದಿನ ಬೇಸಿಗೆಗೆ ಬಂದರೆ ಕಲ್ಲು ಗೌಡನ ಮನೆಯ ಕಟ್ಟೆ ಏರಿತ್ತು. ಮೈತುಂಬ ಎಣ್ಣೆ. ಹಳೆಯ ಅಕ್ಷರಗಳನ್ನೆಲ್ಲ ಕೆತ್ತಿ ತೆಗೆಸಿ, ಹೊಸವನ್ನು ಕೊರೆಸಿ ಸುಣ್ಣ ತುಂಬಿಸಿದ್ದ. ಕೆರೆ ಕಟ್ಟಿಸಿದವನು ಈಗ ಗೌಡನ ಮುತ್ತಜ್ಜ. ಪಕ್ಕದ ಕುರ್ಚಿಯಲ್ಲಿ ಕನ್ನಡ ಬಾರದ ತಹಶೀಲ್ದಾರರು ಎಲೆಯಡಿಕೆ ಜಗಿಯುತ್ತ ಕಾದಿದ್ದರು. ಪ್ರೊಫೆಸರು ಓದಿ ಉರ್ದುವಿನಲ್ಲಿ ಅರ್ಥ ಹೇಳಿದರಾಯಿತು, ಕಟ್ಟಿಸಿದವರ ಮನೆತನಕ್ಕೆ ಸಲ್ಲುವ, ಕೆರೆ ಕೆಳಗಿನ ಇನಾಮು ಭೂಮಿ ಗೌಡನ ಪಾಲು.

"ನೀವು ಹೇಳಿದಂಗ ಜೋಪಾನ ಮಾಡೇವ್ರಿ," ಎಂದ ಗೌಡ, ಹಲ್ಲು ಕಿರಿಯುತ್ತ.

ದೇವೇಂದ್ರಪ್ಪನವರು ಕಲ್ಲಿನ ಮೇಲೆ ಬೆರಳಾಡಿಸಿದರು. ಆ ಎಣ್ಣೆ, ಆ ನಗು, ಎರಡೂ ಒಂದೇ ಜಿಡ್ಡು. ತಹಶೀಲ್ದಾರರತ್ತ ತಿರುಗಿ ಉರ್ದುವಿನಲ್ಲೇ ಹೇಳಿದರು, ಇದು ಹಳೆಯ ಶಾಸನವಲ್ಲ, ಮೊನ್ನೆ ಕೆತ್ತಿಸಿದ ಸುಳ್ಳು ಎಂದು. ತಹಶೀಲ್ದಾರರು ಎಲೆ ಉಗಿದು ಎದ್ದು ಹೋದರು.

"ಆಕಿ ಹೆಸರು ಸವೆದಿತ್ತೇನ್ರಿ?" ಎಂದು ಗೌಡನನ್ನು ಕೇಳಿದರು.

"ಇಲ್ರಿ, ಛಲೋ ಇತ್ತು. ಕೆತ್ತೂಕಿಂತ ಮೊದಲ ನಮ್ಮ ಶಾಸ್ತ್ರಿಗಳು ಓದಿದ್ರು. ಮಜ್ಜಿಗಿ ಮಾರಾಕಿ ಕಟ್ಟಿಸಿದ ಕೆರಿ ಅಂದ್ರ ಊರಿನ ಮರ್ಯಾದಿ ಏನಾಗಬೇಕ್ರಿ?"

"ಏನಿತ್ತು ಹೆಸರು?"

"ಯಾರಿಗೆ ನೆನಪೈತ್ರಿ? ಶಾಸ್ತ್ರಿಗಳೂ ತೀರಿಕೊಂಡ್ರು."

ನೀರೂ ಮುಟ್ಟದೆ ಆ ಮನೆ ಬಿಟ್ಟರು.

ಪುಸ್ತಕ ೧೯೪೬ರಲ್ಲಿ ಅಚ್ಚಾಯಿತು. ಜನ್ಮದಲ್ಲಿ ಮುಗಿಸಿದ ಒಂದೇ ಕೆಲಸ ಅದು. ಆ ಕೆರೆಯ ಪುಟದಲ್ಲಿ ಕಟ್ಟಿಸಿದವಳ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಕಾಲೇಜಿನಲ್ಲಿ ಪುಟ ತಿರುವಿದ ಜೊತೆಯವರು ಅಲ್ಲಿಗೆ ಬಂದು ನಿಂತರು.

"ನೋಡ್ರಿ," ಎಂದರು, "ಇದನ್ನೂ ಅರ್ಧಕ್ಕ ಬಿಟ್ಟಾರ."