ಬೀಳುವುದನ್ನು ಕಲಿಸಿದ ವಸ್ತಾದ

ಐವತ್ತರ ದಶಕದ ಕೊನೆಯಲ್ಲಿ ನಾನು ವಿಜಾಪುರದ ಒಬ್ಬ ಹತ್ತಿ ಸಾಹುಕಾರನ ಪೈಲ್ವಾನನಾಗಿದ್ದೆ. ಕಳ್ಳಕವಟಗಿಯಲ್ಲಿ ಅಪ್ಪನ ಕುರಿ ಬಿಟ್ಟು ಬಂದವನಿಗೆ ಅವನು ತನ್ನ ಗರಡಿಮನೆಯಲ್ಲಿ ಜಾಗ ಕೊಟ್ಟ, ಎರಡು ಹೊತ್ತು ಎಮ್ಮೆಯ ಹಾಲು ಕೊಟ್ಟ, ಅರೆದ ಬಾದಾಮಿ ಕೊಟ್ಟ. ಅವನ ಅಂಗಳದಲ್ಲಿ ಒಂದು ಬಿಳಿ ಕುದುರೆಯೂ ನಾವು ನಾಲ್ವರು ಪೈಲ್ವಾನರೂ ಇದ್ದೆವು. ಬಂದ ನೆಂಟರಿಗೆ ಮೊದಲು ಕುದುರೆಯ ಹಲ್ಲು ತೋರಿಸಿ, ಆಮೇಲೆ ನಮ್ಮ ತೊಡೆ ತಟ್ಟಿ ತೋರಿಸುತ್ತಿದ್ದ. ನಾವು ಹಲ್ಲು ಕಿರಿಯುತ್ತಿದ್ದೆವು. ಕುದುರೆ ಮುಖ ತಿರುಗಿಸಿಕೊಳ್ಳುತ್ತಿತ್ತು. ನಮಗಿಂತ ಅದಕ್ಕೇ ಮಾನ ಹೆಚ್ಚು.

ಎರಡು ವರ್ಷ ನನ್ನ ಬೆನ್ನಿಗೆ ಯಾರೂ ಮಣ್ಣು ಹಚ್ಚಲಿಲ್ಲ. ಒಂದು ಮಧ್ಯಾಹ್ನ ಸಾಹುಕಾರ ಊಟ ಮುಗಿಸಿ ಎಲೆಅಡಿಕೆ ಮೆಲ್ಲುತ್ತ ನನ್ನನ್ನು ಕರೆಸಿದ.

"ನಾಳಿ ನಮ್ಮ ಬೀಗರ ಪೈಲ್ವಾನ ಬರ್ತಾನ. ಹದಿನೈದ ಮಿನಿಟ ಹಿಡದಾಡು. ಆಮ್ಯಾಲೆ ಬೀಳು."

"ಅಂವ ನನ್ನ ಕೆಡವೂ ಆಳಲ್ರಿ ಸಾವ್ಕಾರ್ರ."

"ಅದು ಗೊತ್ತೈತಲೇ. ಅದಕ್ಕ ಹೇಳಾಕತ್ತೇನಿ."

ಬಿದ್ದೆ. ಎಷ್ಟು ಚೆನ್ನಾಗಿ ಬಿದ್ದೆನೆಂದರೆ, ಎರಡು ಕೊಡ ನೀರು ಎತ್ತಲಾಗದ ಅಂಗಡಿಕಾರರು, ಗುಮಾಸ್ತರು ಎದ್ದು ನಿಂತು, ಇಂಥ ಕುಸ್ತಿ ಕಂಡೇ ಇಲ್ಲ ಎಂದು ರುಮಾಲು ಹಾರಿಸಿದರು. ಅವತ್ತಿನಿಂದ ಕುಸ್ತಿ ನೋಡುವ ಜನರೆಂದರೆ ನನಗೆ ಅಸಹ್ಯ. ನನ್ನ ಬಗ್ಗೆ ಅಸಹ್ಯವಾಗಲು ಇನ್ನೂ ಹೊತ್ತಿತ್ತು. ಮುಂದೆ ನಾಲ್ಕು ಸಲ ಬಿದ್ದೆ. ಪ್ರತಿ ಸಲವೂ ಹಾಲಿನ ಲೋಟ ದೊಡ್ಡದಾಯಿತು.

ಬಬಲೇಶ್ವರದಲ್ಲಿ ನಡೆದ ನಿಜವಾದ ಒಂದು ಕುಸ್ತಿಯಲ್ಲಿ ಎಡ ಮೊಣಕಾಲು ಹೊರಳಿತು. ನಾಟಿ ವೈದ್ಯ ಕಟ್ಟು ಕಟ್ಟಿದ, ಕಾಲು ಮಾತ್ರ ಸೊಟ್ಟಗೇ ಕೂಡಿತು. ಸಾಹುಕಾರ ನನ್ನನ್ನು ಓಡಿಸಲಿಲ್ಲ, ಕುಸ್ತಿ ಕಲಿಸುವ ವಸ್ತಾದನನ್ನಾಗಿ ಮಾಡಿದ. ತಿಕೋಟಾದಲ್ಲಿ ಹೊಸ ಗರಡಿ ಕಟ್ಟಿಸಿ, ಬಾಗಿಲ ಮೇಲೆ ಬಾಗಿಲಿಗಿಂತ ಅಗಲವಾಗಿ ತನ್ನ ಹೆಸರು ಕೆತ್ತಿಸಿ, ಅದರ ಕೆಳಗೆ ನನ್ನನ್ನು ಕೂರಿಸಿದ. ಕೈಯಲ್ಲಿ ಬೇವಿನ ಕೋಲು ಹಿಡಿದು, ಬೈಯುವುದೇ ವಿದ್ಯೆ ಎಂದುಕೊಂಡು, ನಾನು ಹತ್ತಾರು ಹುಡುಗರಿಗೆ ಡಾವು, ಪಟ್ಟು ಹೇಳಿಕೊಡತೊಡಗಿದೆ.

ಅವರಲ್ಲಿ ಒಬ್ಬನೇ ಒಬ್ಬ ಪೈಲ್ವಾನನಿದ್ದ. ಇಟ್ಟಂಗಿಹಾಳದವನು, ಕಲ್ಲು ಒಡೆಯುವ ಕೆಲಸದವನು. ದಿನಾ ಸೈಕಲ್ ತುಳಿದು ಬರುತ್ತಿದ್ದ. ಮಾತು ಕಡಿಮೆ. ಒಮ್ಮೆ ತೋರಿಸಿದ ಪಟ್ಟನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಮೂರು ವರ್ಷದಲ್ಲಿ ಅವನು, ಕಾಲು ಗಟ್ಟಿಯಿದ್ದಾಗ ನಾನಿದ್ದುದಕ್ಕಿಂತ ಒಳ್ಳೆಯ ಆಳಾದ. ಅದನ್ನು ಅವನಿಗೆ ಒಂದು ದಿನವೂ ಹೇಳಲಿಲ್ಲ.

ಆಗ ಸಾಹುಕಾರನ ಸೋದರಳಿಯ, ತಂಗಿಯ ಮಗ, ಕೊಲ್ಲಾಪುರದಲ್ಲಿ ಕಾಲೇಜು ಓದುವುದನ್ನು ಬಿಟ್ಟು ಮೈ ಬೆಳೆಸಿಕೊಂಡು ಬಂದ. ಕನ್ನಡಿಯ ಮುಂದೆ ಬೆಳೆಸಿದ ಮೈ ಅದು. ಅವನು ವಿಜಾಪುರದ ಮಂದಿಯ ಎದುರು ಹೆಸರಿರುವ ಒಬ್ಬನನ್ನು ಕೆಡವಬೇಕಿತ್ತು. ಇಟ್ಟಂಗಿಹಾಳದವನು ಬೀಳಬೇಕೆಂದು ಸಾಹುಕಾರನಿಂದ ಹೇಳಿಕೆ ಬಂತು. ನಾನು ಅದನ್ನು ನುಂಗಿಕೊಳ್ಳಲಿಲ್ಲ, ಉಗುಳಲೂ ಇಲ್ಲ. ಹಾಗೇ ಮುಂದೆ ದಾಟಿಸಿದೆ.

ಶಿಷ್ಯ ಅಖಾಡದ ಮಣ್ಣು ಅಗೆಯುತ್ತಿದ್ದ. ಕೇಳಿ ಸಲಿಕೆ ಊರಿ ನಿಂತ.

"ಬೀಳೂದು ನನಗ ಗೊತ್ತಿಲ್ರಿ ವಸ್ತಾದ್ರ. ಎಲ್ಲಾ ಡಾವು ನೀವ ಕಲಿಸೀರಿ. ಇದೊಂದು ಕಲಸ್ರಿ."

ಅವನ ಮುಖದಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಉಳಿದ ಹುಡುಗರು ಸಾಮು ನಿಲ್ಲಿಸಿ ನೋಡುತ್ತಿದ್ದರು. ನಾನು ಅಂಗಿ ತೆಗೆದು ಮಣ್ಣಿಗಿಳಿದೆ. ಕುತ್ತಿಗೆ ಯಾವಾಗ ಸಡಿಲ ಬಿಡಬೇಕು, ಯಾವ ಕಾಲು ಕೊನೆಗೆ ಎತ್ತಬೇಕು, ಸೋಲುವ ಮುಖ ಹೇಗೆ ಮಾಡಬೇಕು, ಎಲ್ಲ ವಿವರಿಸಿ ಮೂರು ಸಲ ಬಿದ್ದು ತೋರಿಸಿದೆ. ಮೂರನೆಯ ಸಲ ಏಳಲು ಮೊಣಕಾಲು ಬಿಡಲಿಲ್ಲ. ಅವನೇ ಕೈಕೊಟ್ಟು ಎಬ್ಬಿಸಿ, ಬೆನ್ನಿನ ಮಣ್ಣು ಒರೆಸಿದ. ನಾನು ಎಂಥವನೆಂದು ಅವತ್ತು ನನಗೆ ತಿಳಿಯಿತು.

ಕುಸ್ತಿಯ ದಿನ ಸಾಹುಕಾರ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹಲಗೆ ವಾದ್ಯ ಬಡಿದರು. ಅಳಿಯ ತೊಡೆ ತಟ್ಟಿ ನಾಲ್ಕು ದಿಕ್ಕಿಗೂ ಎದೆ ತೋರಿಸಿದ. ನನ್ನ ಶಿಷ್ಯ ಮಣ್ಣು ಹಣೆಗೆ ಹಚ್ಚಿಕೊಂಡು ನಡುವಿಗೆ ಹೋದ. ಅಳಿಯನ ಕೈಗೆ ಕೈ ಮುಟ್ಟಿಸಿದ. ಆಮೇಲೆ, ಹೊಲದಲ್ಲಿ ಮಧ್ಯಾಹ್ನ ಮರದ ಕೆಳಗೆ ಮಲಗುವವನ ಹಾಗೆ, ತಾನಾಗಿಯೇ ಅಂಗಾತ ಮಲಗಿದ. ಎರಡೂ ಭುಜ ಮಣ್ಣಿಗೆ ತಾಗಿದ್ದವು.

ಹಲಗೆ ನಿಂತಿತು. ಅಳಿಯನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಏಳಲೇ," ಎಂದು ಹಲ್ಲು ಕಡಿದ.

"ಬಿದ್ದೇನಲ್ರಿ. ಮತ್ತೇನ ಆಗ್ಬೇಕು?"

ಹಿಂದಿನಿಂದ ಒಬ್ಬ ನಕ್ಕ. ನಂತರ ಇಡೀ ಮೈದಾನವೇ ನಕ್ಕಿತು. ಸಾಹುಕಾರ ನಗುವ ಜನರ ನಡುವೆಯೇ ದಾಟಿ ನನ್ನ ಹತ್ತಿರ ಬಂದ.

"ಇದನ್ನ ನೀ ಕಲಿಸೀಯೇನಲೇ?"

"ಹೌದ್ರಿ. ನಾನ ಕಲಿಸೀನಿ."

ಇದನ್ನು ಕೇಳಿದವರು ನನ್ನ ಧೈರ್ಯವನ್ನು ಹೊಗಳುತ್ತಾರೆ. ಧೈರ್ಯವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬಾಯಿಗೆ ಬೇರೆ ಮಾತು ಬರಲಿಲ್ಲ, ಅಷ್ಟೇ.

ಮರುದಿನ ತಿಕೋಟಾದ ಗರಡಿಗೆ ಬೀಗ ಬಿತ್ತು. ಕೆಲ ಕಾಲದ ಮೇಲೆ ಅಲ್ಲಿ ಹತ್ತಿಕಾಳು ತುಂಬಿಸಿಟ್ಟರು. ಬಬಲೇಶ್ವರದ ಕೆಲವು ರೈತರು ಒಂದು ದನದ ಕೊಟ್ಟಿಗೆ ಬಿಟ್ಟುಕೊಟ್ಟರು. ಅಲ್ಲಿ ಹೊಸ ಅಖಾಡ ಅಗೆಸಿದೆ. ಹುಡುಗರು ತಮ್ಮ ರೊಟ್ಟಿ, ತಮ್ಮ ಹಾಲು ತಾವೇ ತರುತ್ತಿದ್ದರು. ದೊಡ್ಡ ಪೈಲ್ವಾನ ಯಾರೂ ಆಗಲಿಲ್ಲ.

ನನ್ನ ಜೊತೆ ಕಲಿಸಲು ಬಾ ಎಂದು ಆ ಶಿಷ್ಯನನ್ನು ಕರೆಯಲು ಎರಡು ಸಲ ಇಟ್ಟಂಗಿಹಾಳಕ್ಕೆ ಹೋದೆ. ಮೊದಲ ಸಲ ಚಹಾ ಕುಡಿಸಿ ಕಳಿಸಿದ. ಎರಡನೆಯ ಸಲ ಕಲ್ಲಿನ ಮೇಲಿದ್ದ ಉಳಿ ಕೆಳಗಿಟ್ಟು ಹೇಳಿದ:

"ಯಾರ ಮ್ಯಾಲೂ ಸಿಟ್ಟಿಲ್ರಿ ವಸ್ತಾದ್ರ. ಆದ್ರ ಅವತ್ತ ನೀವು ಮೂರ ಸಲ ಬಿದ್ದದ್ದು ಕಣ್ಣಾಗ ಕುಂತೈತಿ. ಇನ್ನ ಅಖಾಡಕ್ಕ ಇಳ್ಯಾಕ ನನಗ ಆಗೂದಿಲ್ಲ."

ನಾನು ಬಸ್ಸು ಹಿಡಿಯಲು ನಡೆದೆ. ಅಂಥವನು ಕಲ್ಲು ಒಡೆದುಕೊಂಡು ಉಳಿದ. ನಾನು ವಸ್ತಾದ ಎನ್ನಿಸಿಕೊಂಡು ಉಳಿದೆ.