ಕಂಪ್ರೆಸರಿಗೆ ಹಚ್ಚಿದ ಕುಂಕುಮ

ನನ್ನ ಕೆಲಸಕ್ಕೆ ಹೆಸರಿಡೋರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ ಅಂತ ಮೆರೀತಿದ್ದ ಕಾಲ ಅದು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಟ್ಟುವಳ್ಳಿಯಿಂದ ಸೈಕಲ್ ತುಳ್ಕೊಂಡು ಬಂದು ಹತ್ತಿ ಗಿರಣಿಯೊಂದರಲ್ಲಿ ಫಿಟರ್ ಕೆಲಸ ಮಾಡ್ತಿದ್ದೆ. ನಮ್ಮ ಸಾಹುಕಾರ್ರು ಬೊಂಬಾಯಿಯಿಂದ ಒಂದು ಅಮೆರಿಕದ ಕಾರು ತರಿಸಿದ್ರು. ಯಾರೋ ಸೇಠು ಓಡಿಸಿ ಬಿಟ್ಟಿದ್ದೇ, ಆದರೆ ಒಳಗೆ ತಣ್ಣನೆ ಗಾಳಿ ಬರ್ತಿತ್ತು! ಜನ ಬಂದು ಗಾಜಿಗೆ ಮೂಗು ಒತ್ತಿ ನೋಡೋರು.

ಅದನ್ನ ಓಡಿಸ್ತಿದ್ದ ಡ್ರೈವರ್ ಸಾಬರು ನನಗಿಂತ ಹತ್ತು ವರ್ಷ ಹಿರಿಯರು, ಮೆತ್ತನೆ ಮನುಷ್ಯ. ಒಂದಿನ ಬಾನೆಟ್ ಎತ್ತಿ ನನಗೆ ಎಲ್ಲ ತೋರಿಸಿದ್ರು. "ನೋಡ್ರಿ ಮೇಸ್ತ್ರಿ, ತಂಪು ಮಾಡೋ ಯಂತ್ರ ಇದು, ಕಂಪ್ರೆಸರ್. ಬೆಲ್ಟು ಈ ಪುಲ್ಲಿನ ತಿರುಗಿಸ್ತದೆ. ಸ್ವಿಚ್ ಒತ್ತಿದ್ರೆ ಮುಂದಿನ ತಟ್ಟೆ ಪುಲ್ಲಿಗೆ ಕಚ್ಕೊಂಡು ತಾನೂ ತಿರುಗ್ತದೆ. ಆಮೇಲೆ ತಂಪೇ ತಂಪು." ನಾನು ಎಲ್ಲಾ ಗೊತ್ತಿರೋನ ಹಂಗೆ ತಲೆ ಆಡಿಸ್ದೆ.

ಆಯುಧಪೂಜೆ ಬಂತು. ಗಿರಣಿಯ ಯಂತ್ರಗಳಿಗೆಲ್ಲ ಕುಂಕುಮ ಹಚ್ಚೋ ಹಕ್ಕು ನಂದು. ಒಣ ಕುಂಕುಮ ಹಚ್ಚಿದ್ರೆ ಯಂತ್ರದ ನಡುಕಕ್ಕೆ ಅರ್ಧ ಗಂಟೆಯಲ್ಲಿ ಉದುರಿ ಹೋಗ್ತದೆ ಅಂತ ನಾವು ಹರಳೆಣ್ಣೆಯಲ್ಲಿ ಕಲಸಿ ಹಚ್ಚೋರು. ಕಾರಿಗೂ ಹಚ್ಚಿದೆ, ಬಾನೆಟ್ಟಿಗೆ, ಸ್ಟೇರಿಂಗಿಗೆ, ಇಂಜಿನ್ನಿಗೆ. ಡ್ರೈವರ್ ಸಾಬರು ಗಾಲಿ ಕೆಳಗಿಡೋಕೆ ನಿಂಬೆಹಣ್ಣು ತರಾಕ ಹೋಗಿದ್ರು. ಕಂಪ್ರೆಸರಿನ ಮುಂದಿನ ತಟ್ಟೆ ಫಳಫಳ ಹೊಳೀತಿತ್ತು. ಊರಿಗೇ ಇಲ್ಲದ ಯಂತ್ರ, ಇದಕ್ಕೆ ಕಡಿಮೆ ಮಾಡಿದ್ರೆ ಹೆಂಗೆ ಅಂತ ಬೊಗಸೆ ತುಂಬ ಬಳಿದೆ. ಎಣ್ಣೆ ಸಂದಿಯೊಳಗೆ ಇಳೀತು. ಭಕ್ತಿ ಜಾಸ್ತಿ ಆಯ್ತು, ಬುದ್ಧಿ ಕಮ್ಮಿ ಆಯ್ತು.

ವಾರ ಕಳೆದ ಮೇಲೆ ಸಾಹುಕಾರ್ರು ಬೊಂಬಾಯಿ ಬೀಗರನ್ನ ಕೂರಿಸ್ಕೊಂಡು ಹರಿಹರಕ್ಕೆ ಹೊರಟ್ರು. ಹರಿಹರ ಮುಟ್ಟೋದ್ರೊಳಗೆ ಸುಟ್ಟ ವಾಸನೆ ಬಂತಂತೆ, ಒಳಗೆ ಬಿಸಿಗಾಳಿ ತುಂಬ್ಕೊಂತಂತೆ. ಬೀಗರ ಮುಂದೆ ಮಾನ ಹೋಗಿ ಸಾಹುಕಾರ್ರು ಕೆಂಡ ಆಗಿ ವಾಪಸ್ ಬಂದ್ರು. ನನ್ನೆದುರೇ ಡ್ರೈವರ್ ಸಾಬರಿಗೆ ಬೈದ್ರು. "ನಾನಿಲ್ಲದಾಗ ಒಳಗ ತಂಪು ಹಾಕ್ಕೊಂಡು ಮಲಗಿರ್ತೀಯ ನೀನು. ಮೇಸ್ತ್ರಿ ಬಿಚ್ಚಿ ನೋಡ್ಲಿ. ನೀನು ಕೆಡಿಸಿದ್ದು ಅಂತ ಗೊತ್ತಾತೋ, ನಾಳಿಂದ ಗೇಟಿನೊಳಗ ಕಾಲಿಡಬ್ಯಾಡ." ಸಾಬರು ನೆಲ ನೋಡ್ಕೊಂಡು, "ಮೇಸ್ತ್ರಿ ಹೇಳಿದ ಹಂಗೆ ಆಗ್ಲಿರಿ" ಅಂದ್ರು. ಹೆದರಿದಾರೆ ಅಂದ್ಕೊಂಡೆ.

ಷೆಡ್ಡಲ್ಲಿ ನಾನೊಬ್ಬನೇ ಕೂತು ನೋಡ್ದೆ. ಬೆಲ್ಟು ಬಿಗಿಯಾಗೇ ಇತ್ತು. ಬ್ಯಾಟರಿಯಿಂದ ವೈರು ಎಳೆದು ಮುಟ್ಟಿಸಿದ್ರೆ ಟಕ್ ಅಂತ ತಟ್ಟೆ ಹೋಗಿ ಕೂತ್ಕೊಂತಿತ್ತು. ಕರೆಂಟಿಂದೂ ತಪ್ಪಲ್ಲ. ಇಂಜಿನ್ ಶುರು ಮಾಡಿ ಬಗ್ಗಿ ನೋಡ್ದೆ. ಪುಲ್ಲಿ ಗರಗರ ತಿರುಗ್ತೈತೆ, ತಟ್ಟೆ ಮಾತ್ರ ಜಾರಿಕೊಂಡು ನಿಂತಲ್ಲೇ ನಿಂತೈತೆ. ಬಿಚ್ಚಿ ತಿರುವಿದೆ. ಒಳಮೈಗೆಲ್ಲ ಕಪ್ಪನೆ ಅಂಟು. ಉಗುರಲ್ಲಿ ಕೆರೆದರೆ ಅಡಿಯಲ್ಲಿ ಕೆಂಪು! ನಾನೇ ಹಚ್ಚಿದ ಕುಂಕುಮ, ನಾನೇ ಕಲಸಿದ ಎಣ್ಣೆ.

ಪೆಟ್ರೋಲಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸ್ದೆ. ಸ್ವಿಚ್ ಒತ್ತಿದ ಕೂಡಲೇ ತಣ್ಣನೆ ಗಾಳಿ ಬಂತು. ಸಾಹುಕಾರ್ರು ಬಂದು ಕೈಯೊಡ್ಡಿ ನೋಡಿದ್ರು. "ಭಲೇ! ಏನಾಗಿತ್ತೋ?"

ಹೇಳಬೇಕಿತ್ತು. ನಾಲಿಗೆ ತುದೀಲೇ ಇತ್ತು. ಆದರೆ ಕುಂಕುಮ ಬಳಿದು ಕಾರು ಕೆಡಿಸಿದ ಫಿಟರ್ ಅಂತ ಗಿರಣಿಗೆ ಗಿರಣಿನೇ ನಗ್ತದಲ್ಲ! "ತಟ್ಟೆ ಸುಟ್ಟಿತ್ರೀ" ಅಂದೆ. "ಅಂದ್ರೆ ಆ ಡ್ರೈವರ್ ಕಾರು ನಿಲ್ಲಿಸಿ ತಂಪು ಹಾಕ್ಕೊಂಡು ಕುಂತಿದ್ನಲ್ಲ?" ಅಂದ್ರು. ನಾನು ಸ್ಪ್ಯಾನರ್ ಒರೆಸ್ತಾ ನಿಂತೆ. ಅವರಿಗೆ ಅಷ್ಟೇ ಸಾಕಾಯ್ತು. ಮರುದಿನ ಕಾರು ತೊಳೀತಿದ್ದೋನು ಬೇರೆ ಡ್ರೈವರ್. ನನ್ನಂಥ ಹೇಡಿ ಇನ್ನೊಬ್ಬ ಇರಲಿಕ್ಕಿಲ್ಲ.

ಆರೇಳು ವರ್ಷ ಅವರು ಕಣ್ಣಿಗೆ ಬೀಳಲಿಲ್ಲ. ಒಮ್ಮೆ ಹರಿಹರದ ಕಡೆ ಪಂಪ್‌ಸೆಟ್ ರಿಪೇರಿಗೆ ಹೋದಾಗ ಗುತ್ತೂರಿನಲ್ಲಿ ಅವರೇ ನನ್ನ ಗುರುತು ಹಿಡಿದು, "ಅರೆ, ಮೇಸ್ತ್ರಿ! ಬರ್ರಿ, ಚಾ ಕುಡ್ಕೊಂಡು ಹೋಗ್ರಿ" ಅಂತ ಕೈ ಹಿಡಿದು ಮನೆಗೆ ಕರ್ಕೊಂಡು ಹೋದ್ರು. ಈಗ ಇಟ್ಟಿಗೆ ಲಾರಿ ಓಡಿಸ್ತಿದ್ರಂತೆ. ಮುಖ ಬಿಸಿಲಿಗೆ ಕರಕಲಾಗಿತ್ತು. ಅವರ ಹನ್ನೆರಡು ವರ್ಷದ ಮಗಳು ಚಾ ತಂದಿಟ್ಟಳು.

"ಇವಳೇ ನೋಡ್ರಿ ನನ್ನ ನೌಕರಿ ತಿಂದೋಳು" ಅಂತ ಸಾಬರು ನಕ್ಕರು. "ಆ ವಾರ ಇವಳಿಗೆ ಸುಡು ಸುಡು ಜ್ವರ. ದವಾಖಾನೆಗೆ ಒಯ್ಯುವಾಗ ಸಾಹುಕಾರ್ರಿಗೆ ಹೇಳದೇ ಕಾರಲ್ಲಿ ತಂಪು ಹಾಕಿ ಕಾಲು ಗಂಟೆ ಮಲಗಿಸಿದ್ದೆ. ಅದಕ್ಕೇ ಕೆಟ್ಟಿತು. ಕಸೂರ್ ನಂದೇ, ಯಾರ್ ಮ್ಯಾಲೂ ಸಿಟ್ಟಿಲ್ರಿ." ಎಷ್ಟು ಸಲ ಈ ಮಾತು ಆಡಿದ್ರೋ, ಹುಡುಗಿ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡ್ಕೊಂಡು ನನ್ನನ್ನೇ ನೋಡಿದಳು.

"ಕಾಕಾ, ನೀವು ಮೇಸ್ತ್ರಿ ಅಲ್ರಿ? ಕಾಲು ಗಂಟೆ ಮಲಗಿದ್ರೆ ಕೆಡ್ತದೇನ್ರಿ?"

ನಾನು ಇಲ್ಲ ಅನ್ಲಿ ಅಂತ ಅವಳು ಆಸೆಯಿಂದ ಕೇಳಿದ್ದು. ಇಲ್ಲ ಅಂದ್ರೆ ಮತ್ತೆ ಹೆಂಗೆ ಕೆಟ್ಟಿತು ಅಂತ ಅವಳಪ್ಪ ಕೇಳೇ ಕೇಳ್ತಿದ್ರು.

"ಒಮ್ಮೊಮ್ಮೆ ಕೆಡ್ತದವ್ವ" ಅಂದೆ.

ಹುಡುಗಿ ಹೂಂ ಅಂದು, ನನ್ನ ಮುಂದಿನ ಖಾಲಿ ಲೋಟ ತಗೊಂಡು ಒಳಗೆ ಹೋದಳು.